ಬಯಲಿನ ಬದಿಗೆ ಕೂತವರ ಅಕ್ಕೋರು

ಕುಸ್ತಿಯ ಮಣ್ಣಿಗೆ ಹೆಸರಾದ ಕೊಲ್ಹಾಪುರ ಸೀಮೆಯಲ್ಲಿ ವ್ಯಾಯಾಮವೆಂದರೆ ಗಟ್ಟಿಮುಟ್ಟಾದವರ ಸೊತ್ತೆಂಬ ನಂಬಿಕೆ ಇಂದಿಗೂ ಅಳಿದಿಲ್ಲ. ದೊಡ್ಡ ಮೈಯವರಿಗೂ ಮೈಯಲುಗಿಸುವ ಸುಖದ ಮೇಲೆ ಹಕ್ಕಿದೆ ಎಂದು ಹೇಳಿ, ಹೇಳಿದ್ದನ್ನು ಮಾಡಿಯೂ ತೋರಿಸಿದ ದೈಹಿಕ ಶಿಕ್ಷಕಿಯರಲ್ಲಿ ಶ್ರೀಮತಿ ಹೀರಾಬಾಯಿ ಜಿನೇಂದ್ರ ಮಗದುಮ್ ಅವರದು ಮೊದಲು ನೆನೆಯಬೇಕಾದ ಹೆಸರು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರು ಈ ವರ್ಷ ನಿವೃತ್ತರಾಗಿದ್ದಾರೆ. ಈ ಅಭಿನಂದನ ಸಂಪುಟದಲ್ಲಿ ತಮ್ಮ ಗುಣಗಳ ಜೊತೆಗೆ ತಪ್ಪೊಂದನ್ನೂ ಬರೆಯಬೇಕೆಂಬುದು ಅವರದೇ ಷರತ್ತು. “ಅದನ್ನ ಬಿಟ್ಟು ಬರದ್ರ ನಾ ಆ ಪುಸ್ತಕಾ ಮುಟ್ಟಂಗಿಲ್ಲ ನೋಡ್ರಿ,” ಎಂದು ಸಂಪಾದಕರಿಗೆ ಖಡಾಖಂಡಿತವಾಗಿ ಹೇಳಿದ್ದರು.

ಇಚಲಕರಂಜಿಯ ಬಳಿಯ ಜೈನ ಬೇಸಾಯದ ಮನೆತನದಲ್ಲಿ ಹುಟ್ಟಿದ ಹೀರಾಬಾಯಿಯವರು ಖೋಖೋ ಆಟದಲ್ಲಿ ಜಿಲ್ಲೆಗೆ ಹೆಸರು ತಂದವರು. ಇಪ್ಪತ್ತನಾಲ್ಕರ ಹರೆಯದಲ್ಲಿ ಗಡಹಿಂಗ್ಲಜದ ಒಂದು ಕನ್ನಡ ಶಾಲೆಗೆ ಆಟದ ಅಕ್ಕೋರಾಗಿ, ಸೀಟಿ ಕೊರಳಿಗೆ ಹಾಕಿಕೊಂಡು ಬಂದಾಗ, ಓಡಲಾರದ ಮೈಯೊಂದು ಇರುತ್ತದೆಂಬ ಅರಿವೇ ಅವರಿಗಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮಂಗಲ ಎಂಬ ಹುಡುಗಿಯಿದ್ದಳು. ಕುರಿ ಕಾಯುವ ಧೋಂಡಿಬಾನ ಮಗಳು, ವಯಸ್ಸಿಗೆ ಮೀರಿದ ದಪ್ಪ ಮೈ. ಓಟದಲ್ಲಿ ಹಿಂದೆ ಬಿದ್ದರೂ ಲೇಜೀಮ್ ಕುಣಿತದ ತಾಳ ಮಾತ್ರ ಅವಳಿಗೆ ಮೈಗೂಡಿತ್ತು. ಗಣರಾಜ್ಯೋತ್ಸವದ ಲೇಜೀಮ್ ಪ್ರದರ್ಶನಕ್ಕೆಂದು ಕೊಲ್ಹಾಪುರದಿಂದ ಬಾಡಿಗೆಗೆ ತಂದ ಉಡುಪುಗಳಲ್ಲಿ ಒಂದೂ ಅವಳ ಮೈಗೆ ಆಗಲಿಲ್ಲ. ಸಾಲು ಒಂದೇ ಸಮ ಕಾಣಬೇಕೆಂದು ಮುಖ್ಯಾಧ್ಯಾಪಕರೂ ಹೇಳಿದ್ದರು. ಹೀರಾಬಾಯಿಯವರು ಹುಡುಗಿಯನ್ನು ಕರೆದು, “ಈ ಸಲ ನೀ ಎಲ್ಲಾರ ಚಪ್ಪಲಿ ಕಾಯ್ಕೊಂತ ಕುಂದ್ರವಾ,” ಎಂದರು.

“ಆತ್ರಿ ಅಕ್ಕೋರ,” ಎಂದಳು ಮಂಗಲ.

ಪ್ರದರ್ಶನದುದ್ದಕ್ಕೂ ಕೂತ ಬೆಂಚಿನ ಕೆಳಗೆ ಅವಳ ಕಾಲು ತಾಳ ತಪ್ಪದೆ ಕುಣಿಯುತ್ತಿದ್ದುದನ್ನು ಹೀರಾಬಾಯಿಯವರು ಕಂಡಿದ್ದರು. ಮರುದಿನದಿಂದ ಅವಳು ಬಯಲಿಗೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಅಕ್ಕೋರಂತೂ ಒಂದು ತಲೆನೋವು ತಪ್ಪಿತೆಂದುಕೊಂಡರು. ಹತ್ತನೆಯ ತರಗತಿ ಮುಗಿಸಿ ಹುಡುಗಿ ಶಾಲೆ ಬಿಟ್ಟಳು.

ಮುಂದೆ ಮಗ್ಗದ ಉದ್ಯಮಿ ಜಿನೇಂದ್ರ ಮಗದುಮ್ ಅವರ ಕೈಹಿಡಿದು, ಇಚಲಕರಂಜಿಗೆ ವರ್ಗವಾಗಿ, ಎರಡು ಹೆರಿಗೆ, ಥೈರಾಯ್ಡಿನ ಬೇನೆ, ಮೊಣಕಾಲು ನೋವು ಇವೆಲ್ಲವನ್ನೂ ದಾಟುವ ಹೊತ್ತಿಗೆ, ಖೋಖೋದ ಹೀರಾ ಎಂದು ಯಾರಾದರೂ ಕರೆದರೆ ತಾವೇ ತಿರುಗಿ ನೋಡದಷ್ಟು ಅವರ ಮೈ ಬದಲಾಗಿತ್ತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಊರಿನವರ ಕಣ್ಣು ತಪ್ಪಿಸಿ, ಕೊಲ್ಹಾಪುರದ ಒಂದು ಜಿಮ್‌ಗೆ ಹೆಸರು ಹಚ್ಚಿದರು. ಅಲ್ಲಿ ಕಲಿಸುತ್ತಿದ್ದ ಸ್ವಪ್ನಿಲ ಒಳ್ಳೆಯ ಹುಡುಗನೇ. ಆದರೆ ಮೊದಲ ದಿನವೇ ಎಲ್ಲರಂತೆ ಅವರನ್ನೂ ನೆಲಕ್ಕೆ ಮಲಗಿಸಿ ಕಾಲೆತ್ತಿಸಿದ. ಮಲಗಿದವರಿಗೆ ಏಳಲಾಗಲಿಲ್ಲ. ಮೂವರು ಕೂಡಿ ರಟ್ಟೆ ಹಿಡಿದು ಎಬ್ಬಿಸಿದರು. ಸುತ್ತಲಿದ್ದವರು ಮರ್ಯಾದೆಯಿಂದ ಮುಖ ತಿರುಗಿಸಿದರು. “ಕಾಕೂ, ತುಮ್ಹೀ ಬಸಾ ಆತಾ,” ಎಂದ ಸ್ವಪ್ನಿಲ, ಕುರ್ಚಿ ತೋರಿಸಿ. ಚಿಕ್ಕಮ್ಮಾ, ನೀವಿನ್ನು ಕೂತುಕೊಳ್ಳಿ ಎಂದು.

ಮರಳುವ ಬಸ್ಸು ಶಿರೋಳಿಯ ಕಾರ್ಖಾನೆಗಳನ್ನು ದಾಟುವಾಗ, ತಾವೂ ಒಬ್ಬಳಿಗೆ ಇದೇ ಮಾತನ್ನು ಇಷ್ಟೇ ಮೆತ್ತಗೆ ಹೇಳಿದ್ದು ಅವರಿಗೆ ನೆನಪಾಯಿತು. ಊರು ಬರುವತನಕ ಸೆರಗಿನಿಂದ ಮುಖ ಒರೆಸಿಕೊಂಡರು. ಪಕ್ಕದಲ್ಲಿದ್ದವರು ಸೆಕೆಯೆಂದುಕೊಂಡಿರಬೇಕು.

ಮುಂದಿನ ವರ್ಷವೇ ಶಾಲೆಯ ಸಭಾಗೃಹದಲ್ಲಿ ದೊಡ್ಡ ಮೈಯ ಹೆಂಗಸರಿಗಾಗಿ ಭಾನುವಾರದ ವ್ಯಾಯಾಮ ತರಗತಿ ಆರಂಭವಾಯಿತು. ‘ಇಲ್ಲಿ ತೂಕ ನೋಡುವುದಿಲ್ಲ. ಉಟ್ಟ ಸೀರೆಯಲ್ಲೇ ಬನ್ನಿರಿ. ದಣಿದಾಗ ನಿಲ್ಲಿರಿ’ ಎಂದು ಕೈಯಾರೆ ಬರೆದು ಬಾಗಿಲಿಗೆ ಅಂಟಿಸಿದ್ದರು. ಪ್ಲಾಸ್ಟಿಕ್ ಕುರ್ಚಿ ಎಲ್ಲಿ ಮುರಿದೀತೋ ಎಂಬ ಅಂಜಿಕೆಯೇ ದೊಡ್ಡ ಮೈಯವರನ್ನು ಅರ್ಧ ದಣಿಸುತ್ತದೆಂದು ಬಲ್ಲವರಾದ್ದರಿಂದ, ಬಡಿಗ ತಾನಾಜಿಯಿಂದ ಕೈಯಿಲ್ಲದ ಎಂಟು ಅಗಲ ಪೀಠಗಳನ್ನು ಮಾಡಿಸಿದರು. “ಆನಿ ಕುಂತ್ರೂ ಮುರಿಯಂಗಿಲ್ರಿ ಅಕ್ಕೋರ,” ಎಂದು ಹೇಳಿ ತಾನಾಜಿ ನಾಲಿಗೆ ಕಚ್ಚಿಕೊಂಡ. ಅಕ್ಕೋರು ನಕ್ಕು, “ಆನಿ ಬಂದಾಗ ಬರ್ಲಿ, ಮದ್ಲ ನಾ ಕುಂದರ್ತೇನಿ,” ಎಂದು ಎಂಟರ ಮೇಲೂ ಒಂದೊಂದಾಗಿ ಕೂತು ನೋಡಿದರು.

ಮೊದಲ ಭಾನುವಾರ ಬಂದವರು ಇಬ್ಬರೇ. ಪೀಠದ ಮೇಲೆ ಕೂತು ಕೈ ಮೇಲೆತ್ತುವುದು, ಗೋಡೆಗೆ ಅಂಗೈಯೂರಿ ದೂಡುವುದು, ಕಿಟಕಿಯ ಸರಳು ಹಿಡಿದು ನಿಂತಲ್ಲೇ ಹೆಜ್ಜೆ ಹಾಕುವುದು, ಎರಡು ನಿಮಿಷಕ್ಕೊಮ್ಮೆ ಸುಮ್ಮನೆ ಕೂರುವುದು. ಮೊದಲ ತಿಂಗಳ ಪಾಠ ಇಷ್ಟೇ. ಬಾಗುವಾಗ ಹೊಟ್ಟೆ ಅಡ್ಡ ಬಂದರೆ ಕಾಲು ಅಗಲಿಸಬೇಕು. ತೊಡೆ ಉಜ್ಜಿ ಉರಿದರೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡು ಬರಬೇಕು. ಕೆಲಸ ಮಾಡುತ್ತ ಮಾತಾಡಲು ಉಸಿರು ಸಾಲದಿದ್ದರೆ ವೇಗ ಇಳಿಸಬೇಕು. ಬೇರೆ ಯಾವ ಶಿಕ್ಷಕರೂ ಬಾಯಿಬಿಟ್ಟು ಹೇಳದ ಇಂಥ ಮಾತುಗಳನ್ನು ಅವರು ಸೊಪ್ಪಿನ ಬೆಲೆ ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದರು.

ಆ ಇಬ್ಬರಲ್ಲಿ ಒಬ್ಬರಾದ ಸಾವಿತ್ರವ್ವ, ನೆಲಕ್ಕೆ ಕೂತರೆ ಏಳಲಾರೆನೆಂಬ ಭಯಕ್ಕೆ ಹನ್ನೊಂದು ವರ್ಷ ಯಾವ ಮದುವೆಯ ಪಂಕ್ತಿಯಲ್ಲೂ ಉಂಡಿರಲಿಲ್ಲ. ಮಗ್ಗುಲಾಗಿ, ಒಂದು ಮೊಣಕಾಲೂರಿ, ಪೀಠಕ್ಕೆ ಕೈ ಕೊಟ್ಟು ಏಳುವುದನ್ನು ಅವರಿಗೆ ಕಲಿಸಲು ಅಕ್ಕೋರಿಗೆ ಏಳು ತಿಂಗಳು ಹಿಡಿಯಿತು. ತಮ್ಮನ ಮಗಳ ಮದುವೆಯಿಂದ ಸಾವಿತ್ರವ್ವ ಫೋನು ಮಾಡಿ, “ಅಕ್ಕೋರ, ಎಲಿ ಮುಂದ ಕುಂತು ಉಂಡೆ. ಎದ್ದೂ ಬಂದೆ!” ಎಂದರು. ಅತ್ತ ಕಡೆ ವಾಲಗದ ಸದ್ದಿನಲ್ಲಿ ಅಕ್ಕೋರ ಉತ್ತರ ಅವರಿಗೆ ಕೇಳಿಸಲೇ ಇಲ್ಲವಂತೆ.

ತರಗತಿ ಬೆಳೆದು ನಲವತ್ತು ಮಂದಿಯಾಯಿತು. ಆದರೂ ಬಾಗಿಲಲ್ಲಿ ಹೊಸಬಳೊಬ್ಬಳು ಅನುಮಾನಿಸುತ್ತ ನಿಂತಾಗಲೆಲ್ಲ ಅಕ್ಕೋರ ಕಣ್ಣು ಅವಳ ಮುಖದಲ್ಲಿ ಬೇರೊಂದು ಮುಖವನ್ನು ಹುಡುಕುತ್ತಿತ್ತು. ಗಡಹಿಂಗ್ಲಜಕ್ಕೆ ಹೋದಾಗಲೆಲ್ಲ ಧೋಂಡಿಬಾನ ಮಗಳೆಲ್ಲಿ ಎಂದು ವಿಚಾರಿಸುತ್ತಿದ್ದರು. ಎರಡು ವರ್ಷಗಳ ಹಿಂದೆ ಸುಳಿವು ಸಿಕ್ಕಿತು. ಗಡಹಿಂಗ್ಲಜದಿಂದ ಆಜರಾಕ್ಕೆ ಹೋಗುವ ರಸ್ತೆಯ ಹಳ್ಳಿಯೊಂದರಲ್ಲಿ ಅಕ್ಕಿ, ಗೋಡಂಬಿಯ ಸಣ್ಣ ಅಂಗಡಿ. ಒಳಗೆ ನಲವತ್ತು ದಾಟಿದ ಮಂಗಲ.

ಅಕ್ಕೋರು ನಿಂತೇ ಎಲ್ಲವನ್ನೂ ಹೇಳಿದರು. “ಅವತ್ತ ನಾ ನಿನಗ ಕುಂದ್ರು ಅನಬಾರದಿತ್ತವಾ. ತಪ್ಪಾತು. ಈಗ ನಮ್ಮ ಕಡೆ ಲೇಜೀಮೂ ಐತಿ. ಬಾ.”

ಮಂಗಲ ತಕ್ಕಡಿಯ ತಟ್ಟೆಯನ್ನು ಒರೆಸುತ್ತ ಹೇಳಿದಳು. “ಸಿಟ್ಟೇನ ಇಲ್ರಿ ಅಕ್ಕೋರ. ಅವಾಗ ಕುಣೀಬೇಕಂತ ಜೀವಾ ಭಾಳ ಹಾರತಿತ್ತ್ರಿ. ಈಗ ಆ ಆಸೇನ ಬರವಲ್ದು. ಅದನ್ನ ಎಲ್ಲಿಂದ ತರ್ಲಿ?”

ಚಹಾ ಕುಡಿದ ಮೇಲೆ ಮಂಗಲ ಅಂಗಡಿಯ ಬಾಗಿಲೆಳೆದು, ಬಸ್ಸಿನ ತಂಗುದಾಣದವರೆಗೆ ಜೊತೆಗೆ ಬಂದಳು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಹಿಮ್ಮಡಿ ನೋವು. ದಾರಿಯಲ್ಲಿ ಎರಡು ಸಲ ನಿಂತರು. ಮಂಗಲ ಮಕ್ಕಳ ಸುದ್ದಿ, ತೀರಿಹೋದ ಅಪ್ಪನ ಸುದ್ದಿ ಹೇಳುತ್ತಲೇ ಇದ್ದಳು. ಇಷ್ಟು ಮಾತಾಡುತ್ತ ನಡೆಯಬಲ್ಲವಳಿಗೆ ಇನ್ನೇನು ಕಲಿಸಬಹುದೆಂದು ಲೆಕ್ಕ ಹಾಕತೊಡಗಿದ ತಮ್ಮ ಮನಸ್ಸನ್ನು ಅಕ್ಕೋರು ಅಂದು ಗದರಿಸಿ ಸುಮ್ಮನಾಗಿಸಿದರು. ಬಸ್ಸು ಬಂದಾಗ ಮಂಗಲ ಅವರ ಕೈಚೀಲ ಹತ್ತಿಸಿಕೊಟ್ಟಳು. ಅವಳು ತರಗತಿಗೆ ಬರಲಿಲ್ಲ. ಇಂದಿಗೂ ಬಂದಿಲ್ಲ.

ನಿವೃತ್ತಿಯ ಬಳಿಕ ಹೀರಾಬಾಯಿಯವರು ವಿಶ್ರಾಂತಿಯನ್ನು ನಿರಾಕರಿಸಿ, ಗಡಹಿಂಗ್ಲಜದ ಎಸ್‌ಟಿ ಬಸ್ ನಿಲ್ದಾಣದ ಹಿಂದಿನ ಒಂದು ಓಣಿಯಲ್ಲಿ ಹೊಸ ತರಗತಿ ತೆರೆದಿದ್ದಾರೆ. ಸದ್ಯಕ್ಕೆ ಬರುವವರು ಆರು ಜನ.

ಇಂಥವರಿಗೆ ನೂರು ವರ್ಷವೆಂದು ಅಳತೆ ಹಾಕಿ ಹಾರೈಸಲು ನಮಗೆ ಮನಸ್ಸಿಲ್ಲ. ದೊಡ್ಡ ಮೈಯ ಹುಡುಗಿಯೊಬ್ಬಳು ‘ನಾನೂ ಬರಲೇ’ ಎಂದು ಯಾರನ್ನೂ ಕೇಳದೆ ನೇರ ಬಯಲಿಗಿಳಿಯುವ ದಿನ ಈ ಸೀಮೆಗೆ ಬರಬೇಕು; ಅದನ್ನು ಕಣ್ಣಾರೆ ಕಾಣುವಷ್ಟು ಆಯುಷ್ಯ, ಅಲ್ಲಿಯವರೆಗೆ ನಿಂತು ಕಲಿಸುವಷ್ಟು ಕಾಲಿನ ಕಸುವು ನಮ್ಮ ಅಕ್ಕೋರಿಗಿರಲಿ.