ಸ್ಕ್ರೀನಿಗೆ ಕಾಣದ ತೊಟ್ಟಿಲು

ನನ್ನ ಹೆಂಡತಿ ಹರಿಪ್ರಿಯಾ ಪುಕ್ಕಲು ಎಂಬುದು ನಮ್ಮ ಬಂಧುಬಳಗದಲ್ಲೆಲ್ಲ ಪ್ರಸಿದ್ಧ. ಬೆಳಿಗ್ಗೆ ಪಲ್ಲಾವರಂನಲ್ಲಿ ರೈಲು ಹತ್ತಿದ ಮೇಲೆ ಒಂದು ಫೋನು, ಗಿಂಡಿಯಲ್ಲಿ ಇಳಿದ ಮೇಲೆ ಇನ್ನೊಂದು. ಎರಡೂ ಒಂದೇ ವಿಷಯಕ್ಕೆ: ನನ್ನ ತಾಯಿ ಅಂಬುಜಮ್ಮನವರು ಬಿಪಿ ಮಾತ್ರೆ ತೆಗೆದುಕೊಂಡರೇ?

"ಹೂಂ, ತಗೊಂಡಾಯ್ತಂತೆ."

"ಅಂತೆ ಗಿಂತೆ ಬೇಡ ರೀ. ನೀವು ನೋಡಿದ್ರಾ?"

ನಾನು ವಿಮಾ ಕಚೇರಿಯ ಗುಮಾಸ್ತ. ಎದುರಿಗೆ ಕೂತವರು ಹೇಳಿದ್ದನ್ನು ಬರೆದುಕೊಂಡು ಸಂಬಳ ಎಣಿಸುವವನು. ಹೆತ್ತ ತಾಯಿ ಮಾತ್ರೆ ನುಂಗುವುದನ್ನು ಪೊಲೀಸಿನವನ ಹಾಗೆ ನಿಂತು ನೋಡುವ ಪುರುಸೊತ್ತಾಗಲಿ ಬುದ್ಧಿಯಾಗಲಿ ನನಗಿರಲಿಲ್ಲ. ಅಮ್ಮ ದೇವರ ಮನೆಯಿಂದಲೇ "ಆಯ್ತು ಕಣೋ" ಅನ್ನುತ್ತಿದ್ದರು. ನಾನು ಗಡ್ಡಕ್ಕೆ ಸೋಪು ಹಚ್ಚುತ್ತಲೇ "ನೋಡಿದೆ ಮಹಾರಾಯ್ತಿ" ಎಂದು ಫೋನು ಇಡುತ್ತಿದ್ದೆ.

ಹರಿಪ್ರಿಯಾ ತಿರುವಲ್ಲಿಕೇಣಿಯ ಹುಡುಗಿ. ನಾಲ್ಕು ತಲೆಮಾರಿನಿಂದ ಅಲ್ಲೇ ಬೇರುಬಿಟ್ಟ ಮಾಧ್ವರ ಮನೆ. ಅವಳ ಭಯ ಎಲ್ಲಿಂದ ಬಂತು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಚಿಕ್ಕವಳಿದ್ದಾಗ ಮನೆಯೊಳಗೆ ಓಡಾಡುತ್ತ ಆಡುವಾಗ ಒಣಹಾಕಿದ್ದ ಅಜ್ಜಿಯ ಮಡಿ ಸೀರೆ ಅವಳ ಭುಜಕ್ಕೆ ತಗುಲಿತಂತೆ. ಯಾರೂ ನೋಡಲಿಲ್ಲ. ಅಜ್ಜಿ ಅದನ್ನೇ ಉಟ್ಟು ಅಡುಗೆ ಮಾಡಿದರು, ದೇವರಿಗೆ ನೈವೇದ್ಯವಾಯಿತು, ಎಲ್ಲರೂ ಉಂಡರು. ಹುಡುಗಿ ಮಾತ್ರ ಹೊಟ್ಟೆನೋವೆಂದು ಸುಳ್ಳು ಹೇಳಿ ಮೂಲೆಯಲ್ಲಿ ಮುದುರಿ ಮಲಗಿದ್ದಳು. ಅಜ್ಜಿಗೆ ಏನೂ ಆಗಲಿಲ್ಲ, ತೊಂಬತ್ತು ದಾಟಿಯೇ ಹೋದರು.

"ಮತ್ತೆ ಯಾಕೆ ಭಯ?" ಎಂದು ನಾನು ನಕ್ಕಿದ್ದೆ.

"ಮುಟ್ಟಿದ್ದಕ್ಕಲ್ಲ ರೀ. ಮುಟ್ಟಿದ್ದು ಯಾರಿಗೂ ಗೊತ್ತಾಗ್ಲೇ ಇಲ್ಲ ನೋಡಿ, ಅದಕ್ಕೆ."

ಅಂಥವಳಿಗೆ ಸಿಕ್ಕ ಕೆಲಸವೂ ಅಂಥದೇ. ಗಿಂಡಿಯ ಒಂದು ಕಂಪನಿಯಲ್ಲಿ ಸಾಲು ಸಾಲು ಕಂಪ್ಯೂಟರುಗಳಿವೆ. ಒಂದೊಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಸಣ್ಣವು, ಬರೀ ಲೆಕ್ಕಾಚಾರದಲ್ಲಿ ಇರುವಂಥವು. ಬ್ಯಾಂಕಿನದೊಂದು, ಬಟ್ಟೆ ಅಂಗಡಿಯದೊಂದು, ಆಸ್ಪತ್ರೆಯದೊಂದು, ಹೀಗೆ. ದೊಡ್ಡದಕ್ಕೆ ಏನಾದರೂ ತೊಂದರೆಯಾದರೆ ಒಳಗಿನದನ್ನು ಇನ್ನೊಂದರ ಹೊಟ್ಟೆಗೆ ಸಾಗಿಸಬೇಕು, ಅದೂ ನಿಲ್ಲಿಸದೆ. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗಲೇ ಮನೆ ಬದಲಾಯಿಸಿದಂತೆ ಎಂದು ಅವಳು ನನಗೆ ತಿಳಿಹೇಳಿದ್ದಳು. ಮೊದಲು ಮೆಮೊರಿಯನ್ನೆಲ್ಲ ಹೊಸ ಕಡೆಗೆ ನಕಲು ಮಾಡುತ್ತಾರೆ. ಅಷ್ಟರಲ್ಲಿ ಹಳೆಯ ಕಡೆ ಕೆಲಸ ನಡೆಯುತ್ತಲೇ ಇರುತ್ತದಲ್ಲ, ಹೊಸದಾಗಿ ಏನೇನೋ ಬರೆದುಕೊಳ್ಳುತ್ತದೆ. ಹಾಗೆ ಬರೆಸಿಕೊಂಡ ಪುಟ ಮೈಲಿಗೆಯಾಯಿತು ಎಂದು ಲೆಕ್ಕ. ಅದನ್ನು ಗುರುತು ಮಾಡಿಕೊಂಡು ಮತ್ತೆ ನಕಲು ಮಾಡಬೇಕು. ಕೊನೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ, ಉಳಿದದ್ದನ್ನು ದಾಟಿಸಿ, ಹೊಸ ಕಡೆ ಶುರು ಮಾಡಿಬಿಡುತ್ತಾರೆ.

ಇದರಲ್ಲಿ ಒಂದು ಕಳ್ಳದಾರಿ ಇದೆ. ಕೆಲವು ಯಂತ್ರಗಳಿಗೆ ಹೊರಗಿನ ಸುದ್ದಿ ತರುವ ಒಂದು ಕಾರ್ಡನ್ನು ನೇರವಾಗಿ ಜೋಡಿಸಿರುತ್ತಾರೆ. ಆ ಕಾರ್ಡು ಯಾರನ್ನೂ ಕೇಳದೆ, ಹಿತ್ತಿಲ ಬಾಗಿಲಿನಿಂದ ಬಂದಂತೆ ಬಂದು, ಮೆಮೊರಿಯಲ್ಲಿ ಬರೆದು ಹೋಗುತ್ತದೆ. ಮುಂಬಾಗಿಲಲ್ಲಿ ಗುರುತು ಹಾಕುತ್ತ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಹಿತ್ತಿಲಲ್ಲೂ ಕಾವಲು ಕೂರಿಸಬೇಕು, ಕಾರ್ಡು ಎಲ್ಲೆಲ್ಲಿ ಬರೆಯಿತು ಎಂದು ಗುರುತಿಸಬೇಕು. ಹರಿಪ್ರಿಯಾ ತಿಂಗಳುಗಟ್ಟಲೆ ಕೂತು ಕಟ್ಟಿದ್ದು ಆ ಕಾವಲನ್ನೇ.

ಅವಳು ಅತಿಯಾಗಿ ಹೆದರುತ್ತಿದ್ದದ್ದು ಒಂದು ಯಂತ್ರಕ್ಕೆ. ವಡಪಳನಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಾರ್ಡು ಇತ್ತು. ಪ್ರತಿ ತೊಟ್ಟಿಲಿನ ತಂತಿಯಿಂದ ಉಸಿರು, ಎದೆಬಡಿತದ ಸುದ್ದಿ ಗಿಂಡಿಯ ಕಾರ್ಡಿಗೆ ಬರುತ್ತಿತ್ತು. ಅಲ್ಲಿಂದ ನರ್ಸಮ್ಮನ ಮೇಜಿನ ಸ್ಕ್ರೀನಿಗೆ ಹೋಗುತ್ತಿತ್ತು. ಯಾವ ಮಗುವಿಗಾದರೂ ಉಸಿರು ಕಮ್ಮಿಯಾದರೆ ಆ ಸ್ಕ್ರೀನು ಕೂಗಬೇಕು. "ಅದೊಂದನ್ನ ನಾನಿಲ್ದೆ ಯಾರೂ ಸಾಗಿಸಬಾರದು" ಎಂದು ಅವಳು ಜೊತೆಗಾರ ನಿಶಾಂತನಿಗೆ ಹತ್ತು ಸಲ ಹೇಳಿದ್ದಳು. ನಿಶಾಂತ್ ಕುಂದಾಪುರ ಕಡೆಯ ಹೋಟೆಲಿನವರ ಮಗ, ಚುರುಕು, ಒಳ್ಳೆಯವನು.

ಕತ್ತರಿ ಬಿಸಿಲಿನ ಮೇ ತಿಂಗಳು, ನಮ್ಮ ತಂದೆ ವಿಷ್ಣುತೀರ್ಥರ ಶ್ರಾದ್ಧದ ದಿನ. ಹರಿಪ್ರಿಯಾ ರಜೆ ಹಾಕಿದ್ದಳು. ಅತ್ತೆ ಸೊಸೆ ಇಬ್ಬರೂ ಮಡಿಯಲ್ಲಿ ಅಡುಗೆ ಮನೆಯಲ್ಲಿದ್ದರು. ನಾನು ಒದ್ದೆ ಪಂಚೆಯಲ್ಲಿ ನಡುಮನೆಯಲ್ಲಿ ಕರ್ಮಕ್ಕೆ ಕೂತಿದ್ದೆ. ಆಚಾರ್ಯರಿಬ್ಬರು ಬಂದಿದ್ದರು. ಹರಿಪ್ರಿಯಾಳ ಫೋನು ಮಲಗುವ ಕೋಣೆಯ ಮಂಚದ ಮೇಲೆ ಬಿದ್ದಿತ್ತು.

ಅದು ಗುಂಯ್‌ಗುಟ್ಟತೊಡಗಿತು. ನಿಂತಿತು. ಮತ್ತೆ ಗುಂಯ್‌ಗುಟ್ಟಿತು.

ಮಡಿಯಲ್ಲಿದ್ದವರು ಫೋನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ತಲೆಗೆ ನೀರು, ಮತ್ತೆ ಅಡುಗೆ. ಮನೆಯಲ್ಲಿ ಮಡಿಯಿಲ್ಲದ ಒಂದು ನರಪಿಳ್ಳೆಯೂ ಇರಲಿಲ್ಲ. ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತ ಹರಿಪ್ರಿಯಾಳ ಮುಖ ನನಗೆ ಕಾಣುತ್ತಿತ್ತು.

"ಅತ್ತೆ, ಆಫೀಸಿಂದ ಅನ್ಸತ್ತೆ."

"ಬಡಿಸಿ ಆಗ್ಲಿ ಹರೀ. ವರ್ಷಕ್ಕೊಂದು ದಿನ ನಿನ್ನ ಮಾವನ ಕೆಲಸ. ಸುಮ್ನೆ ತೊಂದರೆ ಮಾಡ್ಕೋಬೇಡ."

ಅವಳು ಒಳಗೆ ಹೋದಳು. ಫೋನು ಮಾತ್ರ ಸುಮ್ಮನಾಗಲಿಲ್ಲ. ಮಂತ್ರ ಹೇಳುತ್ತಿದ್ದ ನನಗೇ ಅದು ಕಿವಿಯೊಳಗೆ ಹೊಕ್ಕ ನೊಣದಂತಾಗಿ, ಎರಡು ಕಡೆ ತಪ್ಪಿದೆ. ಆಮೇಲೆ ಅದು ನಿಂತೇ ಹೋಯಿತು. ನಿಂತದ್ದು ಇನ್ನೂ ಕೆಟ್ಟದಾಗಿತ್ತು. ಎಲೆ ಹಾಕಿ ಆಚಾರ್ಯರು ಕೂತರು. ಅನ್ನದ ಪಾತ್ರೆ ಹಿಡಿದು ಬಂದ ಹರಿಪ್ರಿಯಾ ಕೋಣೆಯ ಬಾಗಿಲ ಬಳಿ ನಿಂತಳು, ಪಾತ್ರೆಯನ್ನು ನೆಲಕ್ಕಿಟ್ಟಳು, ಒಳಗೆ ಹೋಗಿ ಫೋನು ಎತ್ತಿಕೊಂಡಳು.

"ಹರೀ!" ಎಂದರು ಅಮ್ಮ.

ಕೈ ಒದ್ದೆಯಿತ್ತೆಂದು ಅವಳು ಸ್ಪೀಕರ್ ಹಾಕಿ ಬಾಗಿಲಲ್ಲೇ ಕೂತಳು. ನಿಶಾಂತನ ದನಿ ಮನೆಗೆಲ್ಲ ಕೇಳಿಸಿತು.

"ಎಂತ ಮೇಡಂ, ಎಷ್ಟು ಸಲ ಮಾಡಿದೆ! ಮೇಲಿನ ಹಾಲಿನ ಎ.ಸಿ. ಪೂರಾ ಹೋಯ್ತು. ಮಿಷನೆಲ್ಲ ಬಿಸಿಯಾಗಿ ತನ್ನಿಂತಾನೇ ಆಫ್ ಆಗ್ಲಿಕ್ಕೆ ಹೊರಟಿತ್ತು. ಎಲ್ಲ ಕೆಳಗಿನ ಹಾಲಿಗೆ ಸಾಗಿಸಿ ಆಯ್ತು. ಈಗ ಎಂತ ತೊಂದ್ರೆ ಇಲ್ಲ. ಒಂದು ಸೆಕೆಂಡ್ ಸಹ ಕಟ್ ಆಗ್ಲಿಲ್ಲ."

"ಆಸ್ಪತ್ರೆದು?"

"ಅದೂ ಆಯ್ತು. ಮೊದಲು ಬೇಡ ಅಂತ ತಡೀತು. ಫೋರ್ಸ್ ಕೊಟ್ಟೆ, ಹೋಯ್ತು."

ತಡೆದದ್ದು ಹರಿಪ್ರಿಯಾಳೇ ಇಟ್ಟ ಅಗುಳಿ. ಕಾವಲು ಹಾಕದೆ ಹೊರಟರೆ ತಡೆಯಲಿ ಎಂದೇ ಇಟ್ಟದ್ದು. ಹುಡುಗ ಮಕ್ಕಳ ಸ್ಕ್ರೀನು ಆರಿಹೋಗಬಾರದೆಂಬ ಗಾಬರಿಯಲ್ಲಿ ಅದನ್ನು ಸರಿಸಿಬಿಟ್ಟಿದ್ದ. ಸಾಗಿಸುತ್ತಿದ್ದಷ್ಟು ಹೊತ್ತು ಕಾರ್ಡು ಹಿಂದಿನಿಂದ ಬಂದು ಏನು ಬರೆಯಿತೋ, ಎಲ್ಲಿ ಬರೆಯಿತೋ, ನೋಡಿದವರಿಲ್ಲ. ಹೊಸ ಕಡೆಗೆ ದಾಟಿದ್ದರಲ್ಲಿ ಯಾವುದು ಹಳಸಲು, ಯಾವುದು ತಾಜಾ, ದೇವರಿಗೇ ಗೊತ್ತು. ಸ್ಕ್ರೀನೇನೋ ಹಸಿರಾಗಿ ಹೊಳೆಯುತ್ತಿತ್ತು.

ಅವಳು ಕೂಡಲೇ ವಾರ್ಡಿಗೆ ಫೋನು ಮಾಡಿದಳು. ಒಬ್ಬ ನರ್ಸ್ ಎತ್ತಿಕೊಂಡಳು. ಜೊತೆಯವಳು ಊಟಕ್ಕೆ ಹೋಗಿದ್ದಾಳೆ, ತಾನೊಬ್ಬಳೇ ಇರುವುದು, ಬೇಗ ಹೇಳಿ ಎಂದಳು.

"ಸಿಸ್ಟರ್, ಸ್ಕ್ರೀನ್ ಪಾಕ್ಕಾದೀಂಗ. ಕೊಳಂದೈಂಗಳ ಪಾರುಂಗ. ಒವ್ವೊಣ್ಣಾ ಪಾರುಂಗ."

ಸ್ಕ್ರೀನ್ ನೋಡಬೇಡಿ, ಮಕ್ಕಳನ್ನು ನೋಡಿ, ಒಂದೊಂದನ್ನೂ ನೋಡಿ ಎಂದು ಅವಳು ಬೇಡುತ್ತಿದ್ದಳು.

"ಎಲ್ಲಾಂ ನಾರ್ಮಲ್ ದಾನ್ ಮೇಡಂ," ಎಂದಳು ನರ್ಸ್, ಸ್ವಲ್ಪ ಬೇಸರದಿಂದಲೇ. ಎದುರಿಗಿದ್ದ ಸ್ಕ್ರೀನು ನೋಡಿಯೇ ಹೇಳಿರಬೇಕು. ಗಡ್ಡಕ್ಕೆ ಸೋಪು ಹಚ್ಚುತ್ತ ನಾನು ಹೇಳುತ್ತಿದ್ದದ್ದೂ ಅದೇ ದನಿಯಲ್ಲಿ.

"ನಿಮ್ಮ ಕಾಲಿಗೆ ಬೀಳ್ತೀನಿ ಸಿಸ್ಟರ್!" ಹರಿಪ್ರಿಯಾ ತಮಿಳು ಮರೆತು ಕನ್ನಡದಲ್ಲೇ ಕೂಗಿದಳು. ಭಾಷೆ ಅರ್ಥವಾಗದಿದ್ದರೂ ಭಯ ಅರ್ಥವಾಗಿರಬೇಕು. ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಆಮೇಲೆ ಚಪ್ಪಲಿಯ ಸದ್ದು. ಚಪ್ಪಲಿ ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಆಚಾರ್ಯರಿಬ್ಬರೂ ಖಾಲಿ ಎಲೆಯ ಮುಂದೆ ತಲೆಯೆತ್ತಿ ಕೂತಿದ್ದರು. ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು, ಯಾರೂ ಏಳಲಿಲ್ಲ.

ಚಪ್ಪಲಿಯ ಸದ್ದು ಒಂದು ಕಡೆ ನಿಂತಿತು. ಮುಂದೆ ಹೋಗಲಿಲ್ಲ.

"ಡಾಕ್ಟರ್!" ಎಂಬ ಕೂಗು ಎಷ್ಟು ಜೋರಾಗಿತ್ತೆಂದರೆ ಫೋನು ಬಿರುಕುಬಿಟ್ಟಂತೆ ಕೇಳಿಸಿತು.

ಆಮೇಲೆ ಓಡಾಟ, ಏನೋ ಉರುಳಿದ್ದು, ಯಾರೋ ಗಂಡಸಿನ ದನಿ. ಆಮೇಲೆ ಏನೂ ಇಲ್ಲ. ಯಾರ ಮಗುವೋ, ಹೆಣ್ಣೋ ಗಂಡೋ, ಹೆಸರಿಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ. ಅದು ಉಸಿರಾಡಲಿ ಎಂದು ಆ ಎರಡು ಕೋಣೆಯ ಮನೆಯಲ್ಲಿ ನಾವಷ್ಟೂ ಜನ ಉಸಿರು ಬಿಗಿಹಿಡಿದಿದ್ದೆವು. ಹರಿಪ್ರಿಯಾಳ ಹತ್ತಿರ ಹೋಗಿ ಕೂರಬೇಕೆನಿಸಿತು. ಕೈಯಲ್ಲಿ ದರ್ಭೆಯ ಪವಿತ್ರ ಇತ್ತು. ನಾನು ಏಳಲಿಲ್ಲ.

ಎಷ್ಟು ಹೊತ್ತಾಯಿತೋ. ಮೊದಲು ಬೆಕ್ಕಿನ ಮರಿಯದಂಥ ಒಂದು ಸಣ್ಣ ದನಿ. ಆಮೇಲೆ ಅಳು.

"ಅಳುದು ಮೇಡಂ," ನರ್ಸ್ ತಾನೇ ಅಳುತ್ತಿದ್ದಳು. "ಕೊಳಂದೆ ಅಳುದು."

ಅವಳು ಬಿಕ್ಕುತ್ತ ಹೇಳಿದ್ದು ಇಷ್ಟು. ಕಿಟಕಿ ಪಕ್ಕದ ತೊಟ್ಟಿಲಿನ ಮಗು ಬೆಳಿಗ್ಗೆ ಮನೆಗೆ ಹೋಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅದೇ ತೊಟ್ಟಿಲಿಗೆ ಹೊಸ ಮಗುವನ್ನು ತಂದು ತಂತಿ ಜೋಡಿಸಿದ್ದರು. ಉಸಿರು ತಪ್ಪಿದರೆ ಸ್ಕ್ರೀನು ಕೂಗುತ್ತದೆ ಎಂದು ನಂಬಿ ಅವಳು ಮೇಜಿಗೆ ಬಂದಿದ್ದಳು. ಸ್ಕ್ರೀನಿನಲ್ಲಿ ಆ ತೊಟ್ಟಿಲು ಈಗಲೂ ಖಾಲಿ ಎಂದೇ ಇದೆ.

ಹರಿಪ್ರಿಯಾಳಿಗೆ ಅರ್ಥವಾಯಿತು. ತೊಟ್ಟಿಲು ತುಂಬಿತು ಎಂಬುದನ್ನು ಕಾರ್ಡು ಒಂದೇ ಒಂದು ಸಲ ಬರೆಯುವುದು, ತಂತಿ ಸಿಕ್ಕಿಸಿದಾಗ. ಅದು ಸಾಗಿಸುವ ಹೊತ್ತಿನಲ್ಲೇ ನಡೆದಿತ್ತು. ಬರೆದ ಪುಟ ಹಳೆಯ ಕಡೆಯಲ್ಲೇ ಉಳಿಯಿತು.

ನಿಶಾಂತನಿಗೆ ಹೇಳಬೇಕಿತ್ತು. ಅವಳ ಒದ್ದೆ ಕೈಯಿಂದ ಫೋನು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು.

ಆಗ ಅಮ್ಮ ಅಡುಗೆ ಮನೆಯ ಹೊಸ್ತಿಲು ದಾಟಿ ಬಂದರು. ಗಂಡನ ಶ್ರಾದ್ಧದ ದಿನ, ಎಲೆ ಹಾಕಿ ಆಚಾರ್ಯರು ಕೂತಿರುವಾಗ, ಮಡಿ ಸೀರೆಯಲ್ಲಿ ಆಕೆ ಸೊಸೆಯ ಪಕ್ಕ ಮೈಗೆ ಮೈ ತಾಗಿಸಿ ಕೂತರು. ಫೋನನ್ನು ತಾವೇ ಎತ್ತಿ, ಅವಳು ತೋರಿಸಿದ ಕಡೆ ಒತ್ತಿ, ಅವಳ ಕಿವಿಗೆ ಹಿಡಿದರು.

"ಅತ್ತೆ, ಮಡಿ..."

"ನೀನು ಮಾತಾಡು. ನಿನ್ನ ಮಾವ ಒಂದು ದಿನಾನೂ ಊಟಕ್ಕೆ ಅವಸರ ಮಾಡಿದವರಲ್ಲ. ಕಾಯ್ತಾರೆ."

ಹರಿಪ್ರಿಯಾ ಮಾತಾಡಿದಳು. "ಆಸ್ಪತ್ರೆ ಮಿಷನ್ ನಿಲ್ಲಿಸಿಬಿಡು ನಿಶಾಂತ್. ಮೊದಲಿಂದ ಶುರು ಮಾಡು, ಪ್ರತಿ ತೊಟ್ಟಿಲನ್ನೂ ಹೊಸದಾಗಿ ಓದಲಿ."

"ಸ್ಕ್ರೀನ್ ಕಪ್ಪಾಗ್ತದಲ್ಲ ಮೇಡಂ!"

"ಆಗ್ಲಿ. ಕಪ್ಪಾದ್ರೆ ಅವರು ಮಕ್ಕಳ ಹತ್ರ ನಿಂತ್ಕೋತಾರೆ. ನಾನು ಹೇಳ್ತೀನಿ ಅವರಿಗೆ."

ಕೂಗು ಕೇಳಿ ಓಡಿಬಂದಿದ್ದ ವಾರ್ಡಿನವರೆಲ್ಲ ತೊಟ್ಟಿಲಿಗೊಬ್ಬರಂತೆ ನಿಂತರು. ಸ್ಕ್ರೀನು ಆರಿತು, ಮತ್ತೆ ಹೊತ್ತಿಕೊಂಡಿತು. ಈ ಸಲ ಕಿಟಕಿ ಪಕ್ಕದ ತೊಟ್ಟಿಲೂ ಅದರಲ್ಲಿತ್ತು. ಅತ್ತೆ ಸೊಸೆ ಮತ್ತೆ ಸ್ನಾನ ಮಾಡಿದರು, ಮತ್ತೆ ಒಲೆ ಹೊತ್ತಿಸಿದರು. ಆಚಾರ್ಯರು ಅಲ್ಲಿಯವರೆಗೂ ಕಾದರು. ಊಟವಾಗುವಾಗ ಬಿಸಿಲು ಇಳಿದಿತ್ತು.

ಕಂಪನಿಯ ವರದಿಯಲ್ಲಿ ಆ ದಿನ ಸೇವೆ ಒಂದು ಕ್ಷಣವೂ ನಿಲ್ಲದೆ ಎಲ್ಲ ಯಂತ್ರಗಳನ್ನೂ ಸಾಗಿಸಲಾಯಿತು ಎಂದು ಹೊಗಳಿಕೊಂಡಿದ್ದಾರಂತೆ. ಹೊಗಳಿಕೊಳ್ಳಲಿ, ಅವರ ಬಾಯಿಗೆ ಬೆಂಕಿ ಬೀಳ! ನಿಶಾಂತ್ ಮಾತ್ರ ಆ ಮಗು ಮನೆಗೆ ಹೋಯಿತು ಎಂದು ತಿಳಿಯುವವರೆಗೂ ಮುಖ ತೊಳೆದುಕೊಂಡಂತೆ ಕಾಣಲಿಲ್ಲ ಎಂದು ಹರಿಪ್ರಿಯಾ ಹೇಳಿದಳು. ಅವಳ ಭಯವೇನೂ ಕಮ್ಮಿಯಾಗಲಿಲ್ಲ. ಹಾಗೆ ದಾಟದೆ ಉಳಿದದ್ದು ಅದೊಂದೇ ಎಂದು ಯಾರು ಹೇಳಬೇಕು ಅನ್ನುತ್ತಾಳೆ.

ಶ್ರಾದ್ಧದ ಮರುದಿನ ಗಿಂಡಿಯಿಂದ ಎಂದಿನಂತೆ ಫೋನು ಬಂತು. "ನೋಡಿದ್ರಾ?"

"ತಡಿ," ಎಂದೆ. ಸೋಪಿನ ಮುಖದಲ್ಲೇ ದೇವರ ಮನೆಯ ಬಾಗಿಲಿಗೆ ಹೋಗಿ, ನೀರಿನ ಲೋಟ ಹಿಡಿದು ನಿಂತೆ. "ಅಮ್ಮ, ನನ್ನೆದುರಿಗೆ ನುಂಗು."

"ಆಯ್ತು ಅಂದ್ನಲ್ಲೋ."

"ನುಂಗು."

ಅಮ್ಮ ನನ್ನನ್ನೇ ನೋಡಿದರು. ಪೂಜೆಗೆ ಮೊದಲು ಬಾಯಿಗೆ ಏನೂ ಹಾಕುವುದಿಲ್ಲ, ಮುಗಿದ ಮೇಲೆ ತೆಗೆದುಕೊಂಡರಾಯಿತು ಎಂದು ಎತ್ತಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ ಎಂದು ಗೊಣಗುತ್ತ ದೇವರ ಗೂಡಿನ ಮೂಲೆಯಲ್ಲಿದ್ದ ಬಟ್ಟಲು ತೆಗೆದರು. ಅದರಲ್ಲಿ ಆ ದಿನದ ಮಾತ್ರೆ ಇತ್ತು. ಹಿಂದಿನ ದಿನದ್ದೂ ಇತ್ತು, ಅದರ ಹಿಂದಿನದ್ದೂ. ಬಟ್ಟಲು ಅರ್ಧ ತುಂಬಿತ್ತು.

"ರೀ? ನೋಡಿದ್ರಾ?" ಫೋನಿನಲ್ಲಿ ಹರಿಪ್ರಿಯಾ ಕೇಳುತ್ತಲೇ ಇದ್ದಳು.

"ನೋಡಿದೆ," ಎಂದೆ. ನೀರಿನ ಲೋಟವನ್ನು ಅಮ್ಮನ ಕಡೆಗೆ ಚಾಚಿ ಅಲ್ಲೇ ನಿಂತೆ.