ತಂಗಿಯ ಒಪ್ಪಿಗೆಯ ದಿನ ಸತ್ತ ಫೋನು

ಅಫಜಲಪುರದ ನಮ್ಮ ಓಣಿಯಲ್ಲಿ, ಅಂಗಡಿಗಳನ್ನು ಬಿಟ್ಟರೆ, ಮನೆಗೆ ಫೋನ್ ಹಾಕಿಸಿದವರಲ್ಲಿ ನಾನೇ ಮೊದಲಿಗ. ಮನೆತನದಲ್ಲಿ ಡಿಗ್ರಿ ಮುಗಿಸಿದವನೂ ನಾನೇ ಮೊದಲಿಗ. ಅಪ್ಪ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಹಾಗಾಗಿ ಫೋನ್ ಕೆಟ್ಟರೆ ನನ್ನ ಬಿ.ಎಸ್ಸಿ.ಯೂ ಕೆಟ್ಟಂತೆ ಎಂಬುದು ಓಣಿಯ ತಿಳಿವಳಿಕೆ.

ತೊಂಬತ್ತರ ದಶಕದ ಒಂದು ಶ್ರಾವಣ. ಜೇವರ್ಗಿಯ ಗಂಡಿನ ಕಡೆಯವರು ತಂಗಿಯನ್ನು ನೋಡಿ ಹೋಗಿದ್ದರು. "ಸೋಮವಾರ ಫೋನ್ ಹಚ್ಚಿ ಹೇಳ್ತೇವ್ರಿ. ಒಪ್ಪಿಗಿ ಇದ್ರ ಅವತ್ತ ಸಂಜಿಗೆ ಬಂದು ರಾತ್ರಿ ವಸ್ತಿ ಇರ್ತೇವಿ" ಎಂದಿದ್ದರು. ಹುಡುಗ ತಂಗಿಯ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಸೋಮವಾರ ಬೆಳಗಿನಿಂದ ಫೋನಿನ ಪಕ್ಕ ಕುಳಿತು, ಅದೇ ಮೊರದ ಅಕ್ಕಿಯನ್ನು ಮತ್ತೆ ಮತ್ತೆ ಹಸನು ಮಾಡುತ್ತಿದ್ದಳು.

ಮಧ್ಯಾಹ್ನ ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದು ರಿಸೀವರ್ ಎತ್ತಿದೆ. ಸದ್ದಿಲ್ಲ. ಅಪ್ಪ ಫೋನಿಗೆ ಎರಡೇಟು ಹಾಕಿದ.

"ಅದಕ್ಯಾಕ ಹೊಡಿತಿ? ಅದೇನ್ ಎತ್ತೇನು?" ಎಂದಳು ಅವ್ವ.

ನಾನು ಒಂದೊಂದಾಗಿ ನೋಡುತ್ತಾ ಹೋದೆ. ರಿಸೀವರಿನ ಸುರುಳಿ ವೈರು ಸರಿ ಇತ್ತು. ಗೋಡೆಯ ಡಬ್ಬಿಯ ತಿರುಪುಗಳೂ ಬಿಗಿಯಾಗಿದ್ದವು. ಇನ್ನು ಫೋನೇ ಕೆಟ್ಟಿದೆಯೋ ತಂತಿ ಕೆಟ್ಟಿದೆಯೋ ತಿಳಿಯಬೇಕಾದರೆ ಚೆನ್ನಾಗಿರುವ ಇನ್ನೊಂದು ಫೋನು ಬೇಕು. ಎದುರಿನ ಕಿರಾಣಿ ಅಂಗಡಿಯ ಚಾಚಾನನ್ನು ಕೇಳಿದೆ.

"ಮಾಸ್ತರ್ ಸಾಬ್, ನಿಮ್ದು ಸತ್ತದಂತ ನಮ್ದೂ ಕೊಲ್ತೀರೇನು?" ಎಂದ. ಆದರೂ ಕೊಟ್ಟ, ಕೊಟ್ಟು ಅದರ ಹಿಂದೆಯೇ ಬಂದು ನಿಂತ. ಅವನ ಫೋನೂ ನಮ್ಮ ಗೋಡೆಗೆ ಹಚ್ಚಿದಾಗ ಸದ್ದು ಮಾಡಲಿಲ್ಲ.

"ಚಾಚಾನ ಅಂಗಡ್ಯಾಗ ಮಾತಾಡೋದು ಇಲ್ಲಿ ಮಾತಾಡವಲ್ದು. ಅಂದ್ರ ಫೋನ್ ಕೆಟ್ಟಿಲ್ಲ. ಕಂಬಕ್ಕೂ ನಮ್ಮ ಗ್ವಾಡಿಗೂ ನಡುವ ಏನೋ ಆಗ್ಯಾದ" ಎಂದು ಅಪ್ಪನಿಗೆ ವಿವರಿಸಿದೆ.

ಕಂಬಕ್ಕೂ ಗೋಡೆಗೂ ನಡುವೆ ಇರುವುದು ನಮ್ಮ ಅಂಗಳ. ನಮ್ಮ ಫೋನನ್ನೇ ಮತ್ತೆ ಹಚ್ಚಿಟ್ಟು, ಹೊರಗೆ ಹೋಗಿ ನೋಡಿದೆ. ಫೋನಿನ ತಂತಿಯ ಮೇಲೆ ಮನೆಯಲ್ಲಿ ಹೊದೆಯುವ ಕೌದಿಗಳೆಲ್ಲ ಸಾಲಾಗಿ ನೀರಿಳಿಸುತ್ತಿದ್ದವು. ತಂತಿ ಎದೆಯೆತ್ತರಕ್ಕೆ ಜೋತುಬಿದ್ದಿತ್ತು. ಶಾಲೆಯಿಂದ ಬರುವಾಗ ನಾನು ಅವುಗಳ ಅಡಿಯಲ್ಲೇ ಬಗ್ಗಿ ಬಂದಿದ್ದೆ.

"ಬೀಗರು ವಸ್ತಿ ಬಂದ್ರ ಏನ್ ಹೊಚ್ಕೋತಾರ? ಅದಕ್ಕ ಒಗೆದೀನಿ. ಮಾಳಿಗಿ ತುಂಬ ಹೆಸರುಕಾಳು ಒಣಗಾಕತ್ತದ. ತಂತಿ ಸುಮ್ನ ಖಾಲಿ ಇತ್ತು" ಎಂದಳು ಅವ್ವ.

"ಅದು ಫೋನಿಂದವ್ವ."

"ಗೊತ್ತದ. ಫೋನ್ ಒಳಗದಲ್ಲ."

ಕೌದಿಗಳನ್ನು ಇಳಿಸಿ ಕಾಂಪೌಂಡಿನ ಮೇಲೆ ಹಾಕಿದೆವು. ಭಾರಕ್ಕೆ ಗೋಡೆಯ ಮೇಲಿನ ಜೋಡಣೆ ಕಿತ್ತು ಬಂದಿತ್ತು. ನಿಚ್ಚಣಿಕೆ ಹತ್ತಿ, ತಂತಿಯ ತುದಿಗಳನ್ನು ಹಲ್ಲಿನಿಂದ ಸುಲಿದು, ಒಂದಕ್ಕೊಂದು ಹೊಸೆದೆ. ಎರಡನೆಯದನ್ನು ಹೊಸೆದು ಬೆರಳು ತೆಗೆಯುವ ಮೊದಲೇ ಒಳಗೆ ಫೋನು ಬಾರಿಸಿತು, ನನಗೆ ಮೊಣಕೈವರೆಗೆ ಝುಮ್ಮೆಂದಿತು. ಗಂಟೆ ಬಾರಿಸುವಾಗ ಫೋನಿನ ತಂತಿಯಲ್ಲಿ ಕರೆಂಟಿನ ಒತ್ತಡ ಏರುತ್ತದೆ. ಡಿಗ್ರಿಯಲ್ಲಿ ಓದಿದ್ದೆ; ಪರೀಕ್ಷೆಗೆ ಬಂದಿರಲಿಲ್ಲ.

"ಫೋನ್ ಎತ್ತ ಬೇ" ಎಂದು ಮೇಲಿನಿಂದಲೇ ತಂಗಿಗೆ ಹೇಳಿದೆ.

ಅವಳು ಆಗಲೇ ಎತ್ತಿದ್ದಳು. ಹಲೋ ಎಂದವಳೇ ನಾಚಿ ಅಪ್ಪನ ಕೈಗೆ ಕೊಟ್ಟಳು. ಆ ಕಡೆಯಿಂದ ಹುಡುಗನ ಅಪ್ಪ ಮಾತಾಡುವುದು ಅಂಗಳಕ್ಕೂ ಕೇಳುತ್ತಿತ್ತು.

"ಮುಂಜಾನಿಂದ ಹಚ್ಚಾಕತ್ತೇವ್ರಿ. ನಮ್ಮ ಕಿವಿಗೆ ಗಂಟಿ ಕೇಳಸ್ತದ, ಅಲ್ಲಿ ಯಾರೂ ಎತ್ತಂಗಿಲ್ಲ. ನಿಮಗ ಮನಸ್ಸಿಲ್ಲ ಅಂತ ತಿಳ್ಕೊಂಡು, ಇದೊಂದ್ಸಲ ನೋಡಿ ಬಿಡೋಣಂತ ಹಚ್ಚಿದ್ವಿ. ನಮ್ಮ ಒಪ್ಪಿಗಿ ಅದ. ಹೊರಡ್ಲೇನ್ರಿ?"

"ಬರ್ರಿ" ಎಂದ ಅಪ್ಪ. ತಂಗಿ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಚಾಚಾ ತನ್ನ ಫೋನನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೋದ. ಅವ್ವ ಕೌದಿ ಮುಟ್ಟಿ ನೋಡಿ, ತಂತಿಯ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದಳು. ನಾನು ನಿಚ್ಚಣಿಕೆಯಿಂದ ಇಳಿಯಲಿಲ್ಲ.

ಬೀಗರು ಹೊತ್ತು ಮುಳುಗುವಾಗ ಬಂದರು. ಕೌದಿಗಳು ಅರ್ಧವೇ ಒಣಗಿದ್ದವು; ರಾತ್ರಿ ಅವನ್ನೇ ಹೊದೆಯಲು ಕೊಟ್ಟೆವು. ಮರುದಿನ ಚಹಾ ಕುಡಿಯುತ್ತಾ ಹುಡುಗನ ಅಪ್ಪ ಹೇಳಿದರು: "ನಿಮ್ಮ ಮನಿ ಭಾಳ ತಂಪದ ನೋಡ್ರಿ."

"ಹೌದ್ರಿ" ಎಂದಳು ಅವ್ವ.