ಫ್ರಿಜ್ಜಿನೊಳಗ ಮಲಗಿದ ಗಿಡ

ನಾನು ಫ್ರಿಜ್ ರಿಪೇರಿ ಮಾಡಾಂವ. ಸವಣೂರಿನ ಒಂದು ಮನಿಯಿಂದ "ಫ್ರಿಜ್ ನಿಂತದ, ಲಗೂನ ಬರ್ರಿ" ಅಂತ ಫೋನ್ ಬಂತು. ಹೋಗಿ ನೋಡಿದ್ರ ಹಾಲು, ಮೊಸರು, ಕಾಯಿಪಲ್ಯೆ ಎಲ್ಲಾ ಅಡಗಿಮನಿ ಕಟ್ಟಿ ಮ್ಯಾಲ. ಫ್ರಿಜ್ಜಿನ ಬಾಗಿಲು ತೆಗೆದ್ರ ಒಳಗ ಕುಂಡದಾಗ ಎಲಿ ಇಲ್ಲದ ಗಿಡ!

"ಅಕ್ಕಾರ, ಇದು ಒಣಗೈತಲ್ರಿ?" ಅಂದೆ.

"ಇಲ್ರಿ, ಮಲಗೇದ" ಅಂದ್ರು ಆ ಮನಿ ಅಕ್ಕಾರು. "ಮೇಪಲ್ ಅದು, ಹಿಮದ ಸೀಮಿ ಗಿಡ. ನಮ್ಮೂರಾಗ ಅಷ್ಟು ಥಂಡಿ ಎಲ್ಲಿಂದ ತರೂಣ? ಅದಕ್ಕ ಪ್ರತಿ ವರ್ಷ ಚಳಿಗಾಲಕ್ಕ ಇದರೊಳಗ ಮಲಗಿಸ್ತೇನಿ. ನಿದ್ದ್ಯಾಗಿದ್ದಾಗನ ಟೊಂಗಿ ಕತ್ತರಿಸಬೇಕು. ಎದ್ದ ಮ್ಯಾಲ ಕತ್ತರಿಸಿದ್ರ ಗಾಯದಿಂದ ನೀರು ಸೋರ್ತದ."

ಚಿಗುರಿನ ಮೊಗ್ಗು ಬೆರಳಿಂದ ಒತ್ತಿ ನೋಡಿ, "ಇನ್ನೂ ಗಟ್ಟಿ ಅದಾವ, ಎಚ್ಚರಾಗಿಲ್ಲ" ಅಂತ ಉಸಿರು ಬಿಟ್ರು. ಉದ್ದ ಬೆಳೆದ ಟೊಂಗಿ ಹಿಡಿದು, ಜೋಡಿ ಮೊಗ್ಗಿನ ಒಂಚೂರು ಮ್ಯಾಲ ಕತ್ತರಿ ಆಡಿಸಿದ್ರು. ನಾನು ನಟ್ಟು ಬಿಚ್ಚೂ ಪಾನಾ ಕೆಳಗಿಟ್ಟು ಬಗ್ಗಿ ನೋಡಿದೆ. ಒಂದು ಹನಿ ಸೋರಲಿಲ್ಲ. ಒಣಗೈತಿ ಅಂದಿದ್ನಲ್ಲ, ಆ ಕಡ್ಡಿಯೊಳಗ ಎಳೀ ಹಸರು ಮಿಂಚಾಕತ್ತಿತ್ತು.

ಕಡೀಕ ಫ್ರಿಜ್ ಚಾಲೂ ಆತು. ಎಷ್ಟೋ ಫ್ರಿಜ್ ರಿಪೇರಿ ಮಾಡೇನಿ, ಚಳಿಗಾಲ ರಿಪೇರಿ ಮಾಡಿದ್ದು ಅದ ಮೊದಲು. ಬಾಗಿಲು ಮಾತ್ರ ನನಗ ಹಾಕಾಕ ಬಿಡಲಿಲ್ಲ. "ನೀವು ಧಡ್ ಅಂತ ಹಾಕ್ತೀರಿ" ಅಂದ್ರು.